ಕಾಡುವವರು, ನೋಡುವವರು

ಕುಲಗೋಡವೆಂದೊಡನೆ ನಮ್ಮ ಬಯಲಾಟಗಳನ್ನು ಬಲ್ಲವರಿಗೆ ನೆನಪಾಗುವುದು ತಮ್ಮಣ್ಣನ ‘ಶ್ರೀಕೃಷ್ಣ ಪಾರಿಜಾತ’. ನಾರದನು ತಂದ ಹೂವು ರುಕ್ಮಿಣಿಯ ಮುಡಿಗೇರಿತೆಂದು ಸತ್ಯಭಾಮೆ ಮುನಿಯುವ ಆ ಆಟದಲ್ಲಿ ಅಣಕಕ್ಕೂ ಚುಚ್ಚುಮಾತಿಗೂ ಕೊರತೆಯಿಲ್ಲ. ಭಾಗವತನು ಪಾತ್ರವನ್ನು ಕೆಣಕುತ್ತಾನೆ. ಪಾತ್ರವು ಅಷ್ಟೇ ಹರಿತವಾದ ಉತ್ತರ ಕೊಡುತ್ತದೆ. ನೆರೆದ ಮಂದಿ ನಗುತ್ತಾರೆ. ಆ ನಗೆಯಿಂದ ಯಾರ ಮನಸ್ಸೂ ಮುರಿಯುವುದಿಲ್ಲ. ಮಾತಿಗೆ ಮರುಮಾತು ಆಡುವ ಅಧಿಕಾರ ಅಲ್ಲಿ ಇಬ್ಬರಿಗೂ ಸಮನಾಗಿ ಇರುವುದೇ ಅದಕ್ಕೆ ಕಾರಣ.

ಶಾಲೆಯ ಅಂಗಳದಲ್ಲಿಯೂ ಅಣಕವುಂಟು, ನಗೆಯುಂಟು. ಗೆಳೆಯರು ಗೆಳೆಯರನ್ನು ಏಡಿಸುವುದು ಹರೆಯದ ಸಹಜ ಲೀಲೆಯೇ ಸರಿ. ಆದರೆ ಒಬ್ಬನನ್ನೇ ಹಿಡಿದು, ದಿನದಿನವೂ, ಅವನು ಎದುರು ನಿಲ್ಲಲಾರನೆಂಬುದನ್ನು ಅರಿತೇ ಕಾಡುವುದು ಲೀಲೆಯಲ್ಲ. ನಾರ್ವೆಯಲ್ಲಿ ನೆಲಸಿದ್ದ ಮನಶ್ಶಾಸ್ತ್ರಜ್ಞ ಡ್ಯಾನ್ ಓಲ್ವೇಯಸ್ ಅವರು 1970ರ ದಶಕದಿಂದ ಈ ವಿಷಯವನ್ನು ಶಾಸ್ತ್ರೀಯವಾಗಿ ಅಭ್ಯಸಿಸಿ ಅದಕ್ಕೆ ಮೂರು ಲಕ್ಷಣಗಳನ್ನು ಹೇಳಿದರು: ನೋಯಿಸುವ ಉದ್ದೇಶ, ಮರಳಿ ಮರಳಿ ನಡೆಯುವಿಕೆ, ಬಲದ ಅಸಮತೆ. ಬಲವೆಂದರೆ ತೋಳ್ಬಲವೊಂದೇ ಅಲ್ಲ. ಸಂಖ್ಯೆಯ ಬಲ, ಹಣದ ಬಲ, ಜಾತಿಯ ಬಲ, ನಾಲಿಗೆಯ ಬಲ, ಇವೂ ಬಲಗಳೇ.

ಹಾಗಾದರೆ ಎಂಥ ಮಕ್ಕಳು ಈ ಕಾಟಕ್ಕೆ ಗುರಿಯಾಗುತ್ತಾರೆ? ದಪ್ಪನೆಯವನು, ಕಪ್ಪನೆಯವಳು, ತೊದಲುವವನು, ಕನ್ನಡಕದವಳು ಎಂದು ನಾವು ಥಟ್ಟನೆ ಉತ್ತರಿಸುತ್ತೇವೆ. ಮಕ್ಕಳ ಉತ್ತರವೂ ಅದೇ. ಯುನೆಸ್ಕೊ ಸಂಸ್ಥೆ 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಜಗತ್ತಿನ ವಿದ್ಯಾರ್ಥಿಗಳಲ್ಲಿ ಹೆಚ್ಚುಕಡಿಮೆ ಮೂವರಲ್ಲೊಬ್ಬರು ಹಿಂದಿನ ತಿಂಗಳಲ್ಲಿ ಒಮ್ಮೆಯಾದರೂ ಸಹಪಾಠಿಗಳ ಕಾಟಕ್ಕೆ ಒಳಗಾಗಿದ್ದರು. ಕಾರಣ ಕೇಳಿದರೆ ಎಲ್ಲಕ್ಕೂ ಮಿಗಿಲಾಗಿ ಅವರು ಹೇಳಿದ್ದು ಮೈಯ ರೂಪವನ್ನೇ. ಆದರೆ ಕನ್ನಡಕ ಧರಿಸಿದವರೆಲ್ಲರನ್ನೂ ಯಾರೂ ಕಾಡುವುದಿಲ್ಲವಲ್ಲ! ಓಲ್ವೇಯಸ್ ಅವರು ಹುಡುಗರನ್ನು ಪರಿಶೀಲಿಸಿದಾಗ, ಹೊರಗೆ ಕಾಣುವ ಇಂಥ ವ್ಯತ್ಯಾಸಗಳು ಕಾಡಿಸಿಕೊಳ್ಳದವರಲ್ಲಿಯೂ ಹಾಗೆಯೇ ಇದ್ದವು. ಬೇರೆಯಾಗಿ ಕಂಡುಬಂದವು ಮೈಯ ಬಲಹೀನತೆ, ಅಂಜುವ ಸ್ವಭಾವ, ಮತ್ತು ತರಗತಿಯಲ್ಲಿ ಒಬ್ಬನೂ ಗೆಳೆಯನಿಲ್ಲದ ಸ್ಥಿತಿ. ಕನ್ನಡಕವೂ ಕಪ್ಪು ಬಣ್ಣವೂ ಎಸೆಯಲು ಕೈಗೆ ಸಿಕ್ಕ ಕಲ್ಲುಗಳು. ಯಾರ ಮೇಲೆ ಎಸೆಯಬೇಕೆಂಬುದು ಕಲ್ಲು ಎತ್ತುವ ಮೊದಲೇ ನಿಶ್ಚಯವಾಗಿರುತ್ತದೆ.

ಒಂಟಿತನದ ಈ ಮಾತನ್ನು ಇನ್ನೊಂದು ಅಧ್ಯಯನ ಗಟ್ಟಿಗೊಳಿಸಿತು. ಹಾಜಸ್, ಬುಕೌಸ್ಕಿ ಮೊದಲಾದವರು ಶಾಲಾಮಕ್ಕಳನ್ನು ಒಂದು ವರ್ಷದ ಅಂತರದಲ್ಲಿ ಎರಡು ಸಲ ಪರಿಶೀಲಿಸಿ, ಕಂಡದ್ದನ್ನು 1999ರಲ್ಲಿ ಪ್ರಕಟಿಸಿದರು. ಕಾಟವು ಮಗುವಿನ ಅಂಜುಬುರುಕತನ, ಸಿಡುಕು ಮುಂತಾದವನ್ನು ಹೆಚ್ಚಿಸಿದ್ದು ಆಪ್ತಮಿತ್ರನಿಲ್ಲದ ಮಕ್ಕಳಲ್ಲಿ ಮಾತ್ರ. ನೂರು ಜನ ಬೇಕಾಗಿಲ್ಲ. ಇವನು ನನ್ನವನೆಂದು ಹೇಳುವ ಒಬ್ಬನಿದ್ದರೆ ಸಾಕು.

ಇಲ್ಲಿ ನಮ್ಮ ದೇಶದ ಮಾತನ್ನು ಬೇರೆಯಾಗಿಯೇ ಆಡಬೇಕು. ಕೆಲವು ಮಕ್ಕಳ ಒಂಟಿತನ ಸ್ವಭಾವದಿಂದ ಬಂದುದಲ್ಲ, ಸಮಾಜ ಕಟ್ಟಿಕೊಟ್ಟುದು. ಸಾತಾರೆಯ ಶಾಲೆಯಲ್ಲಿ ಬಾಲಕ ಅಂಬೇಡಕರರು ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕುಳಿತು ಕಲಿತರು. ಜವಾನನು ನೀರು ಹಾಕದ ದಿನ ಬಾಯಾರಿಯೇ ಇರಬೇಕಾಗಿತ್ತು. ಮುದ್ದೇಬಿಹಾಳ ಸೀಮೆಯ ಅರವಿಂದ ಮಾಲಗತ್ತಿಯವರು 1994ರಲ್ಲಿ ತಮ್ಮ ಆತ್ಮಕಥನವನ್ನು ಬರೆದಾಗ ‘ಗೌರ್ಮೆಂಟ್ ಬ್ರಾಹ್ಮಣ’ ಎಂಬ ಮೂದಲಿಕೆಯನ್ನೇ ಅದಕ್ಕೆ ಹೆಸರಾಗಿ ಇಟ್ಟರು. ಇಂಥಲ್ಲಿ ಕಾಡುವ ಹುಡುಗನು ಹೊಸದೇನನ್ನೂ ಮಾಡುತ್ತಿಲ್ಲ; ಮನೆಯ ಜಗುಲಿಯಲ್ಲಿ ಹಿರಿಯರಿಂದ ಕೇಳಿದ ಪಾಠವನ್ನು ಶಾಲೆಯಲ್ಲಿ ಒಪ್ಪಿಸುತ್ತಿದ್ದಾನೆ.

ನಮ್ಮ ಮೂಡಲಗಿ, ಗೋಕಾಕ ಭಾಗದಲ್ಲಿ ಒಂಟಿತನಕ್ಕೆ ಇನ್ನೂ ಕೆಲವು ದಾರಿಗಳಿವೆ. ಘಟಪ್ರಭೆಯ ಕಾಲುವೆಯ ನೀರು ಹರಿದಂತೆ ಎಷ್ಟೋ ಒಕ್ಕಲು ಮನೆತನಗಳು ಊರು ಬಿಟ್ಟು ತೋಟದಲ್ಲಿ ಮನೆ ಕಟ್ಟಿಕೊಂಡಿವೆ; ಅವರ ಮಕ್ಕಳಿಗೆ ಅಲ್ಲಿಯೇ ತೋಟದ ಶಾಲೆಗಳಿವೆ. ಬೆರಳೆಣಿಕೆಯ ಜೊತೆಗಾರರೊಡನೆ ಕಲಿತ ಮಗು ಎಂಟನೆಯ ತರಗತಿಗೆ ಊರಿನ ಹಾಯಸ್ಕೂಲಿಗೆ ಬಂದಾಗ ಅಲ್ಲಿನವರು ಆಗಲೇ ಗುಂಪು ಕಟ್ಟಿಕೊಂಡಿರುತ್ತಾರೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ಹೊರಗಿನಿಂದ ಬರುವ ಕೂಲಿಕಾರರ ಮಕ್ಕಳದು ಇನ್ನೂ ಬಿಗಿಯಾದ ಪಾಡು. ವರ್ಷದ ನಡುವೆ ಬರುವುದು, ವರ್ಷ ತುಂಬುವ ಮೊದಲೇ ಹೋಗುವುದು. ನುಡಿ ಬೇರೆ, ಉಡುಗೆ ಬೇರೆ. ಗೆಳೆತನ ಬೇರೂರಲು ಸಮಯವೆಲ್ಲಿ?

ಕಾಡುವವನು, ಕಾಡಿಸಿಕೊಳ್ಳುವವನು, ಇಬ್ಬರನ್ನೇ ನೋಡಿದರೆ ಚಿತ್ರ ಪೂರ್ಣವಾಗದು. ಟೊರಾಂಟೊ ನಗರದ ಶಾಲೆಗಳ ಅಂಗಳದಲ್ಲಿ ಚಿತ್ರೀಕರಿಸಿ ಅಭ್ಯಸಿಸಿದ ಹಾಕಿನ್ಸ್, ಪೆಪ್ಲರ್, ಕ್ರೇಗ್ ಎಂಬುವರು 2001ರಲ್ಲಿ ತಿಳಿಸಿದ್ದಿಷ್ಟು: ಶೇಕಡಾ 88 ಪ್ರಸಂಗಗಳಲ್ಲಿ ಸುತ್ತ ಬೇರೆ ಮಕ್ಕಳಿದ್ದರು, ಅವರು ನಡುವೆ ಬಂದದ್ದು ಶೇಕಡಾ 19ರಲ್ಲಿ ಮಾತ್ರ. ಆದರೆ ಹಾಗೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ ಹತ್ತು ಸೆಕೆಂಡಿನೊಳಗೆ ಕಾಟ ನಿಂತಿತು! ನೋಡುವವನು ನಕ್ಕರೆ ಕಾಡುವವನಿಗೆ ಅದೇ ಚಪ್ಪಾಳೆ. ಸುಮ್ಮನಿದ್ದರೆ ಅದೇ ಒಪ್ಪಿಗೆ. ‘ಸಾಕು ಬಿಡೋ’ ಎಂದರೆ ಆಟವೇ ಮುಗಿಯಿತು. ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದವರು 2006ರಿಂದ ರೂಪಿಸಿದ ಕಾರ್ಯಕ್ರಮವೂ ಮುಖ್ಯವಾಗಿ ಈ ನೋಡುವವರಿಗೇ ತರಬೇತಿ ಕೊಡುತ್ತದೆ.

ಇಷ್ಟು ತಿಳಿದ ಮೇಲೆ ನಾವು ಮಕ್ಕಳಿಗೆ ಕೊಡುವ ಎರಡು ಉಪದೇಶಗಳು ಎಷ್ಟು ಬಡವೆಂಬುದು ಕಾಣುತ್ತದೆ. ‘ತಿರುಗಿ ಹೊಡೆ’ ಎನ್ನುತ್ತೇವೆ. ಹೊಡೆಯಬಲ್ಲವನಾಗಿದ್ದರೆ ಅವನನ್ನು ಯಾರೂ ಆರಿಸುತ್ತಲೇ ಇರಲಿಲ್ಲ. ‘ಲಕ್ಷ್ಯ ಕೊಡಬೇಡ’ ಎನ್ನುತ್ತೇವೆ. ಸಂಜೆ ಮನೆಗೆ ಬಂದ ಮೇಲೂ ಮೊಬೈಲಿನಲ್ಲಿ ಬೆನ್ನುಹತ್ತಿ ಬರುವ ಅಣಕವನ್ನು ಲಕ್ಷಿಸದಿರುವುದು ಹೇಗೆ? ಎರಡೂ ಭಾರವನ್ನು ಬಿದ್ದವನ ಹೆಗಲಿಗೇ ಹೊರಿಸುತ್ತವೆ.

ಭಾರ ಹೊರಬೇಕಾದವರು ಹಿರಿಯರು. ನಾರ್ವೆಯ ಬರ್ಗನ್ ನಗರದಲ್ಲಿ 1983ರಿಂದ 42 ಶಾಲೆಗಳಲ್ಲಿ ಸುಮಾರು 2,500 ಮಕ್ಕಳ ನಡುವೆ ಓಲ್ವೇಯಸ್ ಅವರ ಯೋಜನೆ ನಡೆಯಿತು. ಸ್ಪಷ್ಟವಾದ ನಿಯಮ, ಬಿಡುವಿನ ವೇಳೆಯಲ್ಲಿ ಶಿಕ್ಷಕರ ಕಣ್ಣು, ತರಗತಿಯಲ್ಲಿ ಮುಕ್ತ ಚರ್ಚೆ, ಪಾಲಕರೊಡನೆ ಮಾತುಕತೆ: ಇಷ್ಟೇ ಅದರ ಸಾರ. ಎರಡು ವರ್ಷಗಳಲ್ಲಿ ಕಾಟವು ಅರ್ಧದಷ್ಟು ಇಳಿಯಿತು. ಮಕ್ಕಳ ಸ್ವಭಾವವಾಗಲಿ ರೂಪವಾಗಲಿ ಬದಲಾಗಿರಲಿಲ್ಲ, ಬದಲಾದದ್ದು ಶಾಲೆ. ನಮ್ಮ ಶಿಕ್ಷಣ ಹಕ್ಕಿನ ಕಾಯಿದೆಯೂ (2009) ತನ್ನ 17ನೆಯ ಕಲಮಿನಲ್ಲಿ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮಾಸ್ತರರೇ ಒಬ್ಬ ಹುಡುಗನನ್ನು ಕುಚೇಷ್ಟೆಯ ಹೆಸರಿನಿಂದ ಕರೆದರೆ, ಮರುಗಳಿಗೆಯೇ ಇಡಿಯ ತರಗತಿಗೆ ಪರವಾನಗಿ ದೊರೆತಂತೆ. ಅವರೇ ಹೊಸದಾಗಿ ಬಂದ ಮಗುವಿಗೆ ಮೊದಲ ವಾರದಲ್ಲಿ ಒಬ್ಬ ಜೊತೆಗಾರನನ್ನು ಕೂಡಿಸಿಕೊಟ್ಟರೆ, ಯಾವ ದಂಡನೆಯೂ ಮಾಡಲಾರದ ಕೆಲಸ ಆಗಿಹೋಗುತ್ತದೆ.

ಮನೆಗೆ ಮರಳಿದ ಮಗುವನ್ನು ಎಷ್ಟು ಅಂಕ ಬಂದವೆಂದು ತಪ್ಪದೆ ಕೇಳುವ ನಾವು, ಮಧ್ಯಾಹ್ನ ಯಾರ ಜೊತೆ ಕುಳಿತು ಉಂಡೆ ಎಂದೂ ಕೇಳೋಣ. ಯಾರೂ ಇರಲಿಲ್ಲವೆಂಬ ಉತ್ತರ ಬಂದರೆ ಮರುದಿನ ಬೆಳಗ್ಗೆಯೇ ಮಾಸ್ತರರನ್ನು ಕಾಣಬೇಕು. ಗೆಳೆಯರಿಂದ ತುಂಬಿದ ಮಗುವಾದರೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಇವತ್ತು ಒಬ್ಬರೇ ಕುಳಿತು ಉಂಡವರು ಯಾರು?