ಪಹಣಿಯ ಹಿಂದಿನ ಸ್ಥಪತಿ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ – ಈ ನಾಲ್ಕು ತಾಲ್ಲೂಕುಗಳ ಯಾವ ರೈತನನ್ನಾದರೂ ಕೇಳಿನೋಡಿ. ಜಮೀನಿನ ಮಾತು ಬಂದೊಡನೆ ಅವನ ಬಾಯಿಂದ ಹೊರಡುವ ಶಬ್ದ ‘ಪಹಣಿ’. ಒಂದು ಕಾಲಕ್ಕೆ ಅದು ಶಾನುಭೋಗರೂ ಅನಂತರ ಗ್ರಾಮಲೆಕ್ಕಿಗರೂ ಕೈಯಲ್ಲಿ ಬರೆದ ಕಾಗದ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು, ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು. ಇಷ್ಟು ವಾಚಕರಿಗೆ ತಿಳಿದ ಕಥೆ. ಅದರ ಉತ್ತರಾರ್ಧವೇ ಹೆಚ್ಚು ಸ್ವಾರಸ್ಯವಾದುದು.

ನಾಗಮಂಗಲದ ರೈತನೊಬ್ಬ ತನ್ನ ಎರಡೆಕರೆಯಲ್ಲಿ ಒಂದೆಕರೆಯನ್ನು ಮಾರುತ್ತಾನೆನ್ನೋಣ. ಮಾರುವ ತುಂಡಿನ ನಕ್ಷೆ ಕೊಡುವವರು ಭೂಮಾಪನ ಇಲಾಖೆಯವರು. ಅವರ ತಂತ್ರಾಂಶ ‘ಮೋಜಿಣಿ’. ಕ್ರಯಪತ್ರ ನೋಂದಾಯಿಸುವವರು ಉಪನೋಂದಣಾಧಿಕಾರಿಗಳು; ಅವರದು ‘ಕಾವೇರಿ’. ಖಾತೆ ಬದಲಾಗುವುದು ತಾಲ್ಲೂಕು ಕಚೇರಿಯ ‘ಭೂಮಿ’ಯಲ್ಲಿ. ‘ಭೂಮಿ’ಯನ್ನು ರಚಿಸಿದುದು ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್, ‘ಕಾವೇರಿ’ಯನ್ನು ಮೊದಲು ರಚಿಸಿದುದು ಪುಣೆಯ ಸಿ-ಡ್ಯಾಕ್. ಇವೆರಡರ ನಡುವೆ ಮಾತುಕತೆಯಿಲ್ಲದಿದ್ದಾಗ ನೋಂದಣಿಯ ವರದಿ ಕಾಗದದ ಮೇಲೆ ಕಚೇರಿಯಿಂದ ಕಚೇರಿಗೆ ಸಾಗಬೇಕಾಗಿತ್ತು. ಅಷ್ಟರಲ್ಲಿ ಪಹಣಿಯಲ್ಲಿ ಹಳೆಯವನ ಹೆಸರೇ ಉಳಿದು, ಅದೇ ಜಮೀನನ್ನು ಮತ್ತೊಬ್ಬನಿಗೆ ಮಾರುವ ಧೂರ್ತತನಕ್ಕೂ ಎಡೆಯಿತ್ತು.

‘ಸಾಫ್ಟ್‌ವೇರ್ ಆರ್ಕಿಟೆಕ್ಟ್’ ಎಂಬಾತನ ಕಾರ್ಯಕ್ಷೇತ್ರ ಇದು. ತಂತ್ರಾಂಶದ ಸ್ಥಪತಿಯೆಂದರೆ ಸಲ್ಲುತ್ತದೆ. ಯಾವ ದಾಖಲೆಗೆ ಯಾರು ಒಡೆಯರು, ಯಾರು ಯಾರನ್ನು ಏನು ಕೇಳಬಹುದು, ಉತ್ತರ ಬಾರದಿದ್ದರೆ ಮಾಡಬೇಕಾದುದೇನು – ಇವನ್ನು ನಿಶ್ಚಯಿಸುವವನು ಆತ. ಮೂರನ್ನೂ ಕೆಡವಿ ಒಂದೇ ಮಹಾಸೌಧ ಕಟ್ಟೋಣವೆಂಬ ಆಸೆ ಸಹಜ. ನನಗೆ ಅದು ಅವಿವೇಕವೆಂದೇ ತೋರುತ್ತದೆ. ಸೇವಾಧಾರಿತ ವಿನ್ಯಾಸದ ಮಾರ್ಗವೇ ಬೇರೆ. ಪ್ರತಿಯೊಂದು ತಂತ್ರಾಂಶವೂ ತನ್ನ ಮನೆಯಲ್ಲಿ ತಾನಿದ್ದು, ಹೊರಗಿನವರಿಗಾಗಿ ಒಂದು ಗೊತ್ತಾದ ಬಾಗಿಲನ್ನು ತೆರೆದಿಡುತ್ತದೆ. ವಿಶ್ವೇಶ್ವರಯ್ಯ ನಾಲೆಯ ತೂಬಿನಿಂದ ನೀರು ಪಡೆಯುವವನು ಕನ್ನಂಬಾಡಿ ಕಟ್ಟೆಯ ಯಂತ್ರರಹಸ್ಯವನ್ನು ಅರಿಯಬೇಕಾಗಿಲ್ಲ. ತೂಬಿನ ಅಳತೆ ಸರಿಯಾಗಿದ್ದರೆ ಸಾಕಷ್ಟೆ.

ಇಂದು ಈ ಜೋಡಣೆಯಲ್ಲಿ ಕಾಣುವುದು ಅದೇ ತತ್ತ್ವ. ಒಡೆಯನಾರೆಂದು ‘ಕಾವೇರಿ’ಯು ‘ಭೂಮಿ’ಯನ್ನು ಕೇಳುತ್ತದೆ; ನೋಂದಣಿ ಮುಗಿದೊಡನೆ ವರದಿಯನ್ನು ತಾನೇ ಕಳುಹುತ್ತದೆ. 2023ರಲ್ಲಿ ‘ಕಾವೇರಿ 2.0’ ಬಂದಾಗ ‘ಭೂಮಿ’ಯನ್ನು ಕೆಡವಿ ಕಟ್ಟಬೇಕಾಗಲಿಲ್ಲ.

ಹೊಸಹೊಳಲಿನ ಲಕ್ಷ್ಮೀನಾರಾಯಣ ದೇಗುಲದ ಸ್ಥಪತಿಯ ಕೆಲಸವನ್ನು ನೂರಾರು ವರ್ಷಗಳಿಂದ ಜನ ನಿಂತು ನೋಡುತ್ತಿದ್ದಾರೆ. ಈತನ ಕೆಲಸ ಕಣ್ಣಿಗೆ ಬೀಳುವುದು ಕೆಟ್ಟಾಗ ಮಾತ್ರ. ಬಾಗಿಲುಗಳು ಎಷ್ಟೇ ಸುಸೂತ್ರವಾಗಿ ತೆರೆಯಲಿ, ಹಿಸ್ಸಾ ನಂಬರಿನ ಒಂದಂಕಿ ತಪ್ಪಿದರೆ ಆ ತಪ್ಪೂ ಅದೇ ವೇಗದಲ್ಲಿ ಒಳಹೊಗುತ್ತದೆ. ಯಂತ್ರಗಳು ಹೆಸರನ್ನೂ ಅಂಕಿಯನ್ನೂ ಹೋಲಿಸಬಲ್ಲವು; ಬದುವಿನ ಮೇಲೆ ನಿಂತು ನೋಡಲಾರವು. ತಪ್ಪಾಗಿ ಖಾತೆ ಬದಲಾದವನಿಗೆ 1964ರ ಭೂಕಂದಾಯ ಅಧಿನಿಯಮದ 136ನೆಯ ಪ್ರಕರಣ ಮೇಲ್ಮನವಿಯ ದಾರಿ ತೋರಿಸಿದೆ. ಅದನ್ನು ಕೇಳುವವರು ಉಪವಿಭಾಗಾಧಿಕಾರಿಗಳು. ಈ ನಾಲ್ಕು ತಾಲ್ಲೂಕುಗಳಿಗೂ ಅವರ ಕಚೇರಿ ಇರುವುದು ಪಾಂಡವಪುರದಲ್ಲಿ. ಕೃಷ್ಣರಾಜಪೇಟೆಯ ಕಡೆಯ ಹಳ್ಳಿಯವನು ಕಾಗದದ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಅಲ್ಲಿಗೆ ಬಸ್ಸು ಹಿಡಿಯಬೇಕು.