ಲಾರೆಂಷಿಯನ್ ಬೆಟ್ಟಗಳ ಹಳೆಯ ಸ್ಕೀ ಹಾದಿಗಳು

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ, ಮಾಂಟ್ರಿಯಲ್ ನಗರದ ಉತ್ತರಕ್ಕೆ ಹಬ್ಬಿರುವ ಲಾರೆಂಷಿಯನ್ ಬೆಟ್ಟಸೀಮೆ ಇಂದು ಇಳಿಜಾರು ಸ್ಕೀಯಿಂಗ್‌ನ ವಿಹಾರಧಾಮಗಳಿಗೆ ಹೆಸರಾಗಿದ್ದರೂ, ಅಲ್ಲಿನ ಸ್ಕೀ ಪರಂಪರೆಯ ಬೇರು ಇರುವುದು ಕಾಡಿನ ನಡುವೆ ಊರಿಂದೂರಿಗೆ ಸಾಗುತ್ತಿದ್ದ ಕಿರುಹಾದಿಗಳಲ್ಲಿ. ಪಾದರಕ್ಷೆಯ ಮುಂತುದಿಯನ್ನಷ್ಟೇ ಉದ್ದನೆಯ, ಕಿರಿದಾದ ಪಟ್ಟಿಗೆ ಬಿಗಿದು, ಹಿಮ್ಮಡಿಯನ್ನು ಸಡಿಲ ಬಿಟ್ಟು, ಎರಡು ಕೋಲುಗಳನ್ನು ಊರುತ್ತ ಏರನ್ನೂ ಇಳಿಜಾರನ್ನೂ ಸ್ವಂತ ಬಲದಿಂದ ದಾಟುವ ಈ ಯಾನಕ್ಕೆ ಕ್ರಾಸ್ ಕಂಟ್ರಿ ಸ್ಕೀಯಿಂಗ್ ಎಂದು ಹೆಸರು. ಯಂತ್ರದಿಂದ ಹಿಮವನ್ನು ಒತ್ತಿ ಹದಗೊಳಿಸದ ಕಾಡುಮೇಡುಗಳಲ್ಲಿ ಇದನ್ನೇ ಕೈಗೊಂಡಾಗ ಬ್ಯಾಕ್‌ಕಂಟ್ರಿ ಸ್ಕೀಯಿಂಗ್ ಎನ್ನುತ್ತಾರೆ.

ಈ ಹಾದಿಗಳ ಸ್ವರೂಪವನ್ನು ನಿರ್ಧರಿಸಿದ್ದು ರೈಲು. 1876ರಲ್ಲಿ ಸಾಂ-ಜೆರೋಮ್ ಪಟ್ಟಣವನ್ನೂ 1892ರಲ್ಲಿ ಸೇಂತ್-ಅಗಾಥ್ ಪಟ್ಟಣವನ್ನೂ ತಲುಪಿದ ಮಾರ್ಗವು 1909ರಲ್ಲಿ ಮೋಂ-ಲೋರಿಯೆವರೆಗೆ ಬೆಳೆಯಿತು. 1920 ಮತ್ತು 30ರ ದಶಕಗಳಲ್ಲಿ ವಾರಾಂತ್ಯದ ಹಿಮರೈಲುಗಳು ಮಾಂಟ್ರಿಯಲ್‌ನ ಸ್ಕೀಗಾರರನ್ನು ಈ ಬೆಟ್ಟಗಳಿಗೆ ಹೊತ್ತು ತರುತ್ತಿದ್ದವು. ಒಂದು ನಿಲ್ದಾಣದಲ್ಲಿ ಇಳಿದವರು ಕಾಡು ದಾಟಿ ಇನ್ನೊಂದು ನಿಲ್ದಾಣದಲ್ಲಿ ಮರಳಿ ರೈಲು ಹತ್ತಬಹುದಾಗಿದ್ದುದರಿಂದ, ಹೊರಟಲ್ಲಿಗೇ ಹಿಂದಿರುಗುವ ಅಗತ್ಯವಿಲ್ಲದ ನೀಳ ಹಾದಿಗಳು ಹುಟ್ಟಿಕೊಂಡವು. ಇವುಗಳಲ್ಲಿ ಪ್ರಸಿದ್ಧವಾದದ್ದು ನಾರ್ವೆಯಲ್ಲಿ 1875ರಲ್ಲಿ ಜನಿಸಿ ಕೆನಡಾದಲ್ಲಿ ನೆಲೆಸಿದ ಎಂಜಿನಿಯರ್ ಹರ್ಮನ್ ಸ್ಮಿತ್-ಯೊಹಾನ್ಸನ್ ಅವರು 1930ರ ದಶಕದ ಪೂರ್ವಾರ್ಧದಲ್ಲಿ ರೂಪಿಸಿದ ಮೇಪಲ್ ಲೀಫ್ ಹಾದಿ. ಲಾಬೆಲ್‌ನಿಂದ, ಈಗ ಪ್ರಿವೋ ಪಟ್ಟಣದ ಭಾಗವಾಗಿರುವ ಷಾಬ್ರಿಜ್‌ವರೆಗೆ ಸುಮಾರು 128 ಕಿಲೋಮೀಟರ್ ಸಾಗುತ್ತಿದ್ದ ಅದು ದಾರಿಯುದ್ದಕ್ಕೂ ಇದ್ದ ವಸತಿಗೃಹಗಳನ್ನು ಒಂದಕ್ಕೊಂದು ಬೆಸೆದಿತ್ತು. ‘ಜಾಕ್‌ರ್‍ಯಾಬಿಟ್’ ಎಂಬ ಅಡ್ಡಹೆಸರಿನಿಂದಲೇ ಪರಿಚಿತರಾದ ಈ ವ್ಯಕ್ತಿ ನೂರು ದಾಟಿದ ಮೇಲೂ ಸ್ಕೀ ತೊಡುತ್ತಿದ್ದು, 1987ರಲ್ಲಿ ತಮ್ಮ 111ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಹಾದಿಗಳು ಹಾದುಹೋದ ನೆಲ ಬಹುಮಟ್ಟಿಗೆ ರೈತರದಾಗಿದ್ದು, ಚಳಿಗಾಲದಲ್ಲಿ ಬೇಸಾಯವಿಲ್ಲದ ಹೊಲದ ಮೇಲೆ ಯಾರಾದರೂ ಜಾರಿಹೋದರೆ ನಷ್ಟವೇನೂ ಇಲ್ಲದ ಕಾರಣ, ಬಾಯಿಮಾತಿನ ಒಪ್ಪಿಗೆಯೇ ಸಾಕಾಗಿತ್ತು. ಪರಂಪರೆಯ ಬಲವೂ ದೌರ್ಬಲ್ಯವೂ ಈ ಅನುಮತಿಯಲ್ಲೇ ಅಡಗಿದ್ದವು. ಎರಡನೆಯ ಮಹಾಯುದ್ಧದ ನಂತರ ಹೊಲಗಳು ನಿವೇಶನಗಳಾಗಿ ಕೈಬದಲಾದಾಗ ಹೊಸ ಒಡೆಯರಿಗೆ ಹಳೆಯ ಮಾತಿನ ಹಂಗಿರಲಿಲ್ಲ. ಉತ್ತರಕ್ಕೆ ಚಾಚಿದ ಹದಿನೈದನೆಯ ಹೆದ್ದಾರಿ ಹಲವು ಹಾದಿಗಳನ್ನು ತುಂಡರಿಸಿತು. ಇದಕ್ಕಿಂತ ಸದ್ದಿಲ್ಲದೆ ಆದ ಹಾನಿಯೆಂದರೆ, ಕಾರಿನಲ್ಲಿ ಬಂದವನು ಕಾರು ನಿಲ್ಲಿಸಿದಲ್ಲಿಗೇ ಮರಳಬೇಕಾದ್ದರಿಂದ, ನೀಳ ಹಾದಿಯ ಜಾಗವನ್ನು ಸುತ್ತುಹಾದಿ ಆಕ್ರಮಿಸಿದ್ದು. ಪ್ರಯಾಣಿಕರ ರೈಲು 1981ರಲ್ಲಿ ಕೊನೆಗೊಂಡಿತು. ಹಳಿ ಕಿತ್ತ ಮಾರ್ಗವು 1996ರಲ್ಲಿ ‘ಪ್ತಿ ತ್ರ್ಯಾಂ ದ್ಯು ನೋರ್’ ಎಂಬ ಉದ್ಯಾನಪಥವಾಗಿ ಪುನರ್ಜನ್ಮ ಪಡೆದು, ಚಳಿಗಾಲದಲ್ಲಿ ಅದರ ಒಂದು ಭಾಗವು ಸ್ಕೀಗಾರರಿಗೆ ಮೀಸಲಾಗುತ್ತದೆ. ಸಾಧನೆ ದೊಡ್ಡದೇ ಆದರೂ, ರೈಲಿಗೆಂದು ಸಮಮಾಡಿದ ನೆಲದಲ್ಲಿ ಕಾಡುಹಾದಿಯ ಏರಿಳಿತ ಸಿಗದು.

ಸ್ಕೀ ಹಾದಿಯನ್ನು ಕೋಟೆಯಂತೆ ಕಾಪಾಡಲಾಗದು, ಏಕೆಂದರೆ ಬೇಸಿಗೆಯಲ್ಲಿ ಅದರ ಕುರುಹೇ ಮಸುಕಾಗಿರುತ್ತದೆ ಮತ್ತು ಕೆಲವು ವರ್ಷ ಕತ್ತಿ ಆಡದಿದ್ದರೆ ಎಳೆಮರಗಳು ಅದನ್ನು ಮುಚ್ಚಿಬಿಡುತ್ತವೆ. ಆದ್ದರಿಂದ 1930 ಮತ್ತು 40ರ ದಶಕಗಳ ಮುದ್ರಿತ ಸ್ಕೀ ನಕ್ಷೆಗಳನ್ನು ಉಪಗ್ರಹ ಆಧಾರಿತ ಸ್ಥಾನಸೂಚಿಯ ನೆರವಿನಿಂದ ನೆಲದ ಮೇಲೆ ತಾಳೆನೋಡುವುದು, ಎಲೆ ಉದುರುವ ಕಾಲದಲ್ಲಿ ಬಿದ್ದ ಮರಗಳನ್ನು ತೆಗೆಯುವುದು ಸಂರಕ್ಷಣೆಯ ಮೊದಲ ಹೆಜ್ಜೆಗಳು. ಆದರೆ ದಾಟುವ ಹಕ್ಕಿಲ್ಲದ ನಕ್ಷೆ ಬರಿಯ ಸ್ಮಾರಕ. ಆ ಹಕ್ಕನ್ನು ಸ್ಥಿರಗೊಳಿಸಲು ಕ್ವಿಬೆಕ್‌ನ ಕಾನೂನಿನಲ್ಲಿ ಸಾಧನಗಳಿವೆ: ಭೂಮಿಯ ಮಾಲೀಕ ಬದಲಾದರೂ ಅಳಿಯದಂತೆ ಸಂಚಾರದ ಹಕ್ಕನ್ನು ನೆಲಕ್ಕೇ ಅಂಟಿಸಿ ನೋಂದಾಯಿಸುವ ಸರ್ವಿಟ್ಯೂಡ್ ಒಂದು, ಭೂಮಿಯನ್ನು ನಿವೇಶನಗಳಾಗಿ ವಿಂಗಡಿಸುವವರಿಂದ ಉದ್ಯಾನ ಮತ್ತು ನೈಸರ್ಗಿಕ ಪ್ರದೇಶಗಳಿಗಾಗಿ ಶೇ. 10ರವರೆಗೆ ನೆಲವನ್ನೋ ಅದರ ಮೌಲ್ಯವನ್ನೋ ಪಡೆಯಲು ಪುರಸಭೆಗಳಿಗಿರುವ ಅಧಿಕಾರ ಇನ್ನೊಂದು. ಪುರಸಭೆಯು ಹಣವನ್ನು ಬಿಟ್ಟು, ಹಳೆಯ ಹಾದಿಯ ಗುಂಟ ಸಾಗುವ ಕಿರಿದಾದ ನೆಲಪಟ್ಟಿಯನ್ನೇ ಕೇಳಿ ಪಡೆದರೆ ಬಡಾವಣೆಯ ನಡುವೆಯೂ ಹಾದಿ ಉಳಿಯುತ್ತದೆ. ಆದರೆ ವಿಂಗಡಣೆಯ ಅರ್ಜಿ ಬರುವ ಮುನ್ನವೇ ಆ ಹಾದಿ ಪುರಸಭೆಯ ನಕ್ಷೆಯಲ್ಲಿ ದಾಖಲಾಗಿರಬೇಕಾಗುತ್ತದೆ.