ಎಂಟನೇ ಮೈಲಿಯಲ್ಲಿ ಮಹಾಯುದ್ಧದ ಪಾಠ

ಮನೆಯ ಬೀರುವಿನಲ್ಲಿ ಹಳೆಯ ಎರಡು ರೂಪಾಯಿ ನೋಟು ಇದ್ದರೆ ತೆಗೆದಿಟ್ಟುಕೊಳ್ಳಿ. ಹುಲಿ ಇರುವುದಲ್ಲ, ಹಿಂಬದಿಯಲ್ಲಿ ಉಪಗ್ರಹ ಇರುವುದು. ಹತ್ತನೇ ತರಗತಿಯವರಿಗೆ ಮಹಾಯುದ್ಧ, ಶೀತಲ ಸಮರದ ಪಾಠ ಶುರುಮಾಡುವ ದಿನ ಬಾಗಲಗುಂಟೆಯ ನಮ್ಮ ಟ್ಯೂಷನ್ ಕೋಣೆಯಲ್ಲಿ ನಾನು ಮೊದಲು ಮಕ್ಕಳ ಕೈಗೆ ಕೊಡುವುದು ಅದನ್ನೇ.

ನೋಟಿನಲ್ಲಿರುವುದು ಆರ್ಯಭಟ. ಯು. ಆರ್. ರಾವ್ ಅವರ ಮುಂದಾಳತ್ವದಲ್ಲಿ ಅದನ್ನು ಕಟ್ಟಿದ್ದು ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ. ನಮ್ಮಲ್ಲಿಂದ ತುಮಕೂರು ರಸ್ತೆ ದಾಟಿದರೆ ಪೀಣ್ಯ. ನನ್ನ ಹತ್ತಿರ ಬರುವ ಎಷ್ಟೋ ಮಕ್ಕಳ ಅಪ್ಪಂದಿರು ಶಿಫ್ಟಿಗೆ ಹೋಗುವುದು ಅಲ್ಲಿಗೇ. 360 ಕಿಲೋ ತೂಕದ ಆ ಉಪಗ್ರಹವನ್ನು 1975ರ ಏಪ್ರಿಲ್ 19ರಂದು ಮೇಲಕ್ಕೊಯ್ದದ್ದು ಸೋವಿಯತ್ ರಾಕೆಟ್ಟು, ಸೋವಿಯತ್ ನೆಲದ ಕಪುಸ್ತಿನ್ ಯಾರ್‌ನಿಂದ. ಅದೇ ವರ್ಷ ಆಗಸ್ಟ್ 1ರಿಂದ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಜನ ಒಟ್ಟಾಗಿ ಟಿ.ವಿ. ಮುಂದೆ ಕೂತು ಕನ್ನಡ ಕಾರ್ಯಕ್ರಮ ನೋಡತೊಡಗಿದರು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಆ ಚಿತ್ರ ಇಳಿಸುತ್ತಿದ್ದದ್ದು ಅಮೆರಿಕದ ನಾಸಾದ ಎಟಿಎಸ್-6 ಉಪಗ್ರಹ.

ಒಬ್ಬರ ರಾಕೆಟ್ಟು, ಇನ್ನೊಬ್ಬರ ಉಪಗ್ರಹ, ಅದೂ ಇಬ್ಬರೂ ಒಬ್ಬರ ಮೇಲೊಬ್ಬರು ಅಣುಬಾಂಬು ಗುರಿಯಿಟ್ಟುಕೊಂಡು ಕೂತಿದ್ದ ಕಾಲದಲ್ಲಿ. "ಇದು ಹೇಗೆ ಸಾಧ್ಯವಾಯಿತು?" ಎಂದು ಬೋರ್ಡಿನ ಮೂಲೆಯಲ್ಲಿ ಬರೆದು ಬಿಟ್ಟುಬಿಡುತ್ತೇನೆ. ಅಳಿಸಬಾರದು ಎಂದು ಸುತ್ತ ಒಂದು ಚೌಕ.

ಪಠ್ಯದ ತೊಂದರೆ ಎಲ್ಲ ಮೇಷ್ಟ್ರಿಗೂ ಗೊತ್ತು. ಮೊದಲನೇ ಮಹಾಯುದ್ಧಕ್ಕೆ ಕಿಡಿ ಹೊತ್ತಿಸಿದ ಸರಾಯೆವೊದಿಂದ ಹೊರಟು ಸೋವಿಯತ್ ಒಕ್ಕೂಟ ಒಡೆಯುವವರೆಗಿನ ಎಪ್ಪತ್ತೇಳು ವರ್ಷ ಬೆರಳೆಣಿಕೆಯ ಪಿರಿಯಡ್ಡುಗಳಲ್ಲಿ ಮುಗಿಯಬೇಕು. ಹೆಸರುಗಳು ನಾಲಿಗೆಗೆ ಒಗ್ಗುವುದಿಲ್ಲ, ಭೂಪಟದ ಗೆರೆಗಳು ಪುಟಕ್ಕೊಮ್ಮೆ ಬದಲಾಗುತ್ತವೆ. ಮಕ್ಕಳು ಇಸವಿ ಉರುಹೊಡೆಯುತ್ತಾರೆ, ಮೂರು ಅಂಕದ ಕಾರಣಗಳನ್ನು ಬರೆಯುತ್ತಾರೆ, ಏಪ್ರಿಲ್‌ನಲ್ಲಿ ಮರೆಯುತ್ತಾರೆ. ಇದಕ್ಕೆ ನಾನು ಕಂಡುಕೊಂಡ ದಾರಿ ಒಂದೇ. ಈ ಸುತ್ತಮುತ್ತಲಿನ ರಸ್ತೆ, ಕಾರ್ಖಾನೆ, ವಾಯುನೆಲೆಗಳಲ್ಲಿ ಆ ಇತಿಹಾಸ ಎಲ್ಲೆಲ್ಲಿ ಬಂದು ಕೂತಿದೆಯೋ ಅಲ್ಲಿಂದ ಯುರೋಪಿನ ಕಡೆಗೆ ನಡೆಯುವುದು.

ಮೊದಲನೇ ಮಹಾಯುದ್ಧಕ್ಕೆ ಒಂದು ಉದ್ದನೆಯ ಹಗ್ಗ ಸಾಕು. ಏಳು ಮಕ್ಕಳನ್ನು ನಿಲ್ಲಿಸಿ: ಆಸ್ಟ್ರಿಯಾ, ಸರ್ಬಿಯಾ, ರಷ್ಯಾ, ಜರ್ಮನಿ, ಫ್ರಾನ್ಸ್, ಬೆಲ್ಜಿಯಂ, ಬ್ರಿಟನ್. ಯಾರು ಯಾರಿಗೆ ಮಾತು ಕೊಟ್ಟಿದ್ದರೋ ಅವರ ನಡುವೆ ಹಗ್ಗ ಹಾಯಲಿ. 1914ರ ಜುಲೈ 28ಕ್ಕೆ ಆಸ್ಟ್ರಿಯಾ ಸರ್ಬಿಯಾವನ್ನು ಎಳೆಯಲಿ; ಆಗಸ್ಟ್ 4ರ ಹೊತ್ತಿಗೆ ಬ್ರಿಟನ್ನಿನ ಹುಡುಗಿಯವರೆಗೆ ಎಲ್ಲರೂ ಮುಗ್ಗರಿಸಿರುತ್ತಾರೆ. ಒಂದೇ ವಾರ. ಎಂಟನೆಯವನೊಬ್ಬ ಇರಬೇಕು. ಅವನ ಕೈಗೆ ಹಗ್ಗ ಕೊಡಬೇಡಿ, ಬ್ರಿಟನ್ನಿನ ಸೊಂಟಕ್ಕೆ ಅವನ ಸೊಂಟ ಕಟ್ಟಿಬಿಡಿ. ಅವನು ಭಾರತ. ಯಾರಿಗೂ ಮಾತು ಕೊಟ್ಟವನಲ್ಲ, ಆದರೂ ಬಿದ್ದ. ವಸಾಹತು ಎಂದರೇನು ಎಂದು ಆಮೇಲೆ ಬಿಡಿಸಿ ಹೇಳುವ ಕೆಲಸ ಅರ್ಧ ಕಡಿಮೆಯಾಗುತ್ತದೆ.

ಆ ಯುದ್ಧಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಹೋದರು, 70,000ಕ್ಕೂ ಹೆಚ್ಚು ಮಂದಿ ಸತ್ತರು. ಅಂಕಿ ದೊಡ್ಡದಾದಷ್ಟೂ ಮಕ್ಕಳ ಕಣ್ಣು ಮಂಕಾಗುತ್ತದೆ, ಹಾಗಾಗಿ ಒಂದೇ ದಿನ ಆರಿಸಿಕೊಳ್ಳುತ್ತೇನೆ: 1918ರ ಸೆಪ್ಟೆಂಬರ್ 23. ಆ ದಿನ ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಕುದುರೆ ಸವಾರರು ಹೈಫಾ ಪಟ್ಟಣವನ್ನು ಆಟೊಮನ್ ತುರ್ಕರಿಂದ ಗೆದ್ದರು. ಎದುರಿಗೆ ಮೆಷಿನ್‌ಗನ್ನು, ಫಿರಂಗಿ. ಇವರ ಕೈಯಲ್ಲಿ ಭರ್ಜಿ. ಅವರ ಸ್ಮಾರಕ ಇರುವುದು ಆರ್.ಟಿ. ನಗರದ ಪಕ್ಕದ ಜಯಚಾಮರಾಜೇಂದ್ರ ನಗರದಲ್ಲಿ, ಮುನಿರೆಡ್ಡಿಪಾಳ್ಯದ ಬಳಿ. ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಒಂದು ಭಾನುವಾರ ಮಕ್ಕಳನ್ನು ಸ್ಮಾರಕದ ಮುಂದೆ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿ: ಮೈಸೂರಿನ ರೈತರ ಮಕ್ಕಳಿಗೆ ತುರ್ಕರ ಮೇಲೆ ಏನು ಸಿಟ್ಟಿತ್ತು?

ಎರಡನೇ ಮಹಾಯುದ್ಧಕ್ಕೆ ಬಂದಾಗ ಹಿಟ್ಲರನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮಲ್ಲಿ ಕಟ್ಟುನಿಟ್ಟಿನ ಅಪ್ಪನಿಗೂ ಹಿಟ್ಲರ್, ಹೆಡ್‌ಮಾಸ್ಟರಿಗೂ ಹಿಟ್ಲರ್. 'ಹಿಟ್ಲರ್ ಕಲ್ಯಾಣ' ಎಂಬ ಧಾರಾವಾಹಿಯನ್ನು ಮನೆಮಂದಿಯೆಲ್ಲ ಕೂತು ನೋಡಿದ್ದಾರೆ. ಮಕ್ಕಳ ಮನಸ್ಸಿನಲ್ಲಿ ಅವನು ಶಿಸ್ತಿನ, ಸ್ವಲ್ಪ ಮುಂಗೋಪದ ಯಜಮಾನ. ಬೈದು ಪ್ರಯೋಜನವಿಲ್ಲ. ಮೊದಲು ಕಾನೂನುಗಳನ್ನು ಹೇಳಿ: ಯಾರು ಪೌರರು, ಯಾರು ಅಲ್ಲ, ಯಾರು ಯಾರನ್ನು ಮದುವೆಯಾಗಬಹುದು ಎಂದು 1935ರಲ್ಲಿ ಸರ್ಕಾರವೇ ಬರೆದದ್ದು. ಆಮೇಲೆ ರೈಲುಗಳು, ಶಿಬಿರಗಳು, 60 ಲಕ್ಷ ಯಹೂದಿಗಳು. ಇಷ್ಟಾದ ಮೇಲೆ ಆ ಅಡ್ಡಹೆಸರು ತರಗತಿಯಲ್ಲಿ ತಾನಾಗಿ ಕಡಿಮೆಯಾಗುತ್ತದೆ. ಪೂರ್ತಿ ಹೋಗುತ್ತದೆ ಎಂದು ನಾನು ಹೇಳಲಾರೆ.

ಇನ್ನು ಊರಿನ ಕಡೆ. ಜಾಲಹಳ್ಳಿ ಆಗ ಸೈನಿಕ ಆಸ್ಪತ್ರೆಗಳ ಊರಾಗಿತ್ತು. ಉತ್ತರ ಆಫ್ರಿಕದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು ತಂದು ಬೆಂಗಳೂರಿನ ಸುತ್ತಲಿನ ಶಿಬಿರಗಳಲ್ಲಿ ಇರಿಸಿದ್ದರು. ಯಲಹಂಕದ ವಿಮಾನ ನೆಲೆ ಹುಟ್ಟಿದ್ದು ಅದೇ ಕಾಲದಲ್ಲಿ. ನಗರದ ಆಚೆ ತುದಿಯಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ 1940ರಲ್ಲಿ ಶುರುಮಾಡಿದ ವಿಮಾನ ಕಾರ್ಖಾನೆ 1943ರಲ್ಲಿ ಅಮೆರಿಕದ ಸೇನೆಯ ಸುಪರ್ದಿಗೆ ಹೋಗಿ, ಯುದ್ಧವಿಮಾನಗಳ ರಿಪೇರಿ ಅಂಗಡಿಯಾಯಿತು. ಇಂದಿನ ಎಚ್‌ಎಎಲ್ ಅದೇ. ಮನೆಯೊಳಗೂ ಯುದ್ಧ ಬಂದಿತ್ತು. ಅಂಗಡಿಯಲ್ಲಿ ಇಂದಿಗೂ ನಾವು ಆಡುವ 'ರೇಷನ್' ಎಂಬ ಮಾತು ಆಗಿನ ಬಳುವಳಿ.

ಹಿರೋಶಿಮಾದ ಪಾಠಕ್ಕೆ ಕೈವಾರ ಬೇಕು. ನಮ್ಮ ಭಾಗದ ನಕ್ಷೆ ಮುದ್ರಿಸಿಕೊಂಡು, ಎಂಟನೇ ಮೈಲಿ ಜಂಕ್ಷನ್ನಿನಲ್ಲಿ ಮೊನೆ ಊರಿ, ಅಳತೆಗೆ ತಕ್ಕಂತೆ 1.6 ಕಿಲೋಮೀಟರ್ ತ್ರಿಜ್ಯದ ವೃತ್ತ ಎಳೆಸಿ. ಆ ಬಾಂಬು ಹೆಚ್ಚುಕಡಿಮೆ ಪೂರ್ತಿ ನೆಲಸಮ ಮಾಡಿದ್ದು ಅಷ್ಟು ಜಾಗವನ್ನು. ವೃತ್ತದೊಳಗೆ ಸಿಕ್ಕ ಶಾಲೆ, ದೇವಸ್ಥಾನ, ಮೆಟ್ರೋ ನಿಲ್ದಾಣ, ಬೇಕರಿಗಳನ್ನು ಮಕ್ಕಳೇ ಬರೆಯಲಿ. ಎಂಟನೇ ತರಗತಿಗಿಂತ ಚಿಕ್ಕವರಿಗೆ ಇದನ್ನು ಮಾಡಿಸಬೇಡಿ. ರಾತ್ರಿ ನಿದ್ದೆ ಕೆಡುತ್ತದೆ. ದೊಡ್ಡವರಿಗೆ ಮಾಡಿಸಿದಾಗ ತರಗತಿ ಕೆಲಹೊತ್ತು ಮೌನವಾಗುತ್ತದೆ. ಆ ಮೌನವನ್ನು ಮಾತಿನಿಂದ ತುಂಬಿಸಲು ಹೋಗಬೇಡಿ.

ಮುಂದೆ ಶೀತಲ ಸಮರ. "ಮಂಜಿನಲ್ಲಿ ನಡೆಯೋ ಯುದ್ಧನಾ ಸರ್?" ಎಂದು ಪ್ರತಿವರ್ಷ ಒಬ್ಬನಾದರೂ ಕೇಳುತ್ತಾನೆ. ತಪ್ಪು ಅವನದಲ್ಲ, ಭಾಷಾಂತರದ್ದು. ನಾನು ಹೇಳುವುದು 'ಮಾತು ಬಿಟ್ಟ ಮನೆ' ಎಂದು. ಪಾಲಾದ ಅಣ್ಣತಮ್ಮಂದಿರು, ನಡುವೆ ಒಂದೇ ಗೋಡೆ. ಕೈಕೈ ಮಿಲಾಯಿಸುವುದಿಲ್ಲ. ಆದರೆ ಅವನು ಮಹಡಿ ಹಾಕಿಸಿದರೆ ಇವನೂ ಹಾಕಿಸಬೇಕು. ಊರ ಜಾತ್ರೆಯಲ್ಲಿ ಯಾರ ಪಲ್ಲಕ್ಕಿ ಮುಂದೆ ಎಂಬ ಪೈಪೋಟಿ. ನೆಂಟರಲ್ಲಿ ಇವರು ನಮ್ಮ ಕಡೆ, ಅವರು ಆ ಕಡೆ ಎಂಬ ಲೆಕ್ಕ. ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದನ್ನೂ ಹೇಳಲೇಬೇಕು. ಅಮೆರಿಕ, ಸೋವಿಯತ್ ಎಂಬ ಈ ಇಬ್ಬರ ಮನೆಯಲ್ಲೂ ಊರನ್ನೇ ಸುಡುವಷ್ಟು ಮದ್ದಿತ್ತು. 1980ರ ದಶಕದ ನಡುವಿನಲ್ಲಿ ಜಗತ್ತಿನ ಅಣು ಸಿಡಿತಲೆಗಳ ಸಂಖ್ಯೆ ಸುಮಾರು 70,000. ಹೊಡೆದವನೂ ಸಾಯುತ್ತಾನೆ ಎಂಬುದು ಖಚಿತವಾಗಿದ್ದರಿಂದಲೇ ನೇರ ಯುದ್ಧ ಆಗಲಿಲ್ಲ. ಆದದ್ದು ಬೇರೆಯವರ ಅಂಗಳದಲ್ಲಿ: ಕೊರಿಯಾ, ವಿಯೆಟ್ನಾಂ, ಆಫ್ಘಾನಿಸ್ತಾನ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎಂದರೆ ಮಕ್ಕಳಿಗೆ ತಟ್ಟನೆ ಹೊಳೆಯುತ್ತದೆ.

ಈ ಮೂರರಲ್ಲಿ ನಾನು ಕೊರಿಯಾವನ್ನು ಆರಿಸಿಕೊಳ್ಳುವುದಕ್ಕೆ ಕಾರಣ ಮಡಿಕೇರಿಯ ಜನರಲ್ ಕೆ. ಎಸ್. ತಿಮ್ಮಯ್ಯ. 1953ರಲ್ಲಿ ಕದನವಿರಾಮವಾದಾಗ ಒಂದು ವಿಚಿತ್ರ ಗಂಟು ಉಳಿಯಿತು. ವಿಶ್ವಸಂಸ್ಥೆಯ ಕಡೆಯವರ ಸೆರೆಯಲ್ಲಿದ್ದ ಚೀನಾ ಮತ್ತು ಉತ್ತರ ಕೊರಿಯಾದ 22,000ಕ್ಕೂ ಹೆಚ್ಚು ಸೈನಿಕರು "ನಾವು ಊರಿಗೆ ಹೋಗಲ್ಲ" ಎಂದರು. ಆಚೆ ಕಡೆಯೂ ಹಾಗೆ ಹೇಳಿದ ಕೆಲವು ನೂರು ಮಂದಿ ಇದ್ದರು. ಅವರನ್ನು ಕಾಯಲು ಭಾರತದ ಪಡೆ ಹೋಯಿತು. ತೀರ್ಮಾನಿಸಲು ಐದು ದೇಶಗಳ ಆಯೋಗವಾಯಿತು: ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ, ಭಾರತ. ಅಧ್ಯಕ್ಷರು ತಿಮ್ಮಯ್ಯ.

ಇದನ್ನು ತರಗತಿಯಲ್ಲಿ ಆಡಿಸುವುದು ಸುಲಭ. ಐದು ಕುರ್ಚಿ ಹಾಕಿ. ಎರಡು ಕುರ್ಚಿಯವರ ಒಲವು ಪಶ್ಚಿಮದ ಕಡೆ, ಎರಡರವರದು ಸೋವಿಯತ್ ಕಡೆ. ನಡುವಿನ ಕುರ್ಚಿಯ ಮತವೇ ತೂಕದ ಬಟ್ಟು. ಮಿಕ್ಕ ಮಕ್ಕಳೆಲ್ಲ ಕೈದಿಗಳು. ಕೆಲವರ ಕಿವಿಯಲ್ಲಿ ಗುಟ್ಟಾಗಿ ಹೇಳಿ: ನಿನಗೆ ಊರಿಗೆ ಹೋಗುವ ಆಸೆ ಇದೆ, ಆದರೆ ಶಿಬಿರದಲ್ಲಿ ನಿನ್ನ ಪಕ್ಕದವನು ಬಾಯಿಬಿಟ್ಟರೆ ಹೊಡೆಯುತ್ತೇನೆ ಎಂದಿದ್ದಾನೆ. ನಿಜದ ಶಿಬಿರಗಳಲ್ಲಿ ಅಂಥ ಬೆದರಿಕೆ ನಡೆದೇ ಇತ್ತು. ಈಗ ಒಬ್ಬೊಬ್ಬರನ್ನೇ ಕರೆದು ಕೇಳಲಿ. ಇಪ್ಪತ್ತು ನಿಮಿಷದೊಳಗೆ ನಡುವಿನ ಕುರ್ಚಿಯವಳು "ಸರ್, ಇವ್ನು ನಿಜ ಹೇಳ್ತಿದಾನೋ ಹೆದರ್ಕೊಂಡು ಹೇಳ್ತಿದಾನೋ ಹೇಗೆ ಗೊತ್ತಾಗ್ಬೇಕು?" ಎಂದು ತಿರುಗಿ ಬೀಳುತ್ತಾಳೆ. ತಿಮ್ಮಯ್ಯನವರ ಕಷ್ಟವೂ ಅದೇ ಆಗಿತ್ತು. ಹೀಗೆ ಕರೆದು ಕೇಳಲು ಕೊಟ್ಟ 90 ದಿನಗಳಲ್ಲಿ ಹೆಚ್ಚಿನ ಕೈದಿಗಳ ವಿಚಾರಣೆ ಆಗಲೇ ಇಲ್ಲ. 1954ರ ಜನವರಿಯಲ್ಲಿ ಅವರನ್ನು ಮೊದಲು ಹಿಡಿದಿದ್ದವರಿಗೇ ಮರಳಿ ಒಪ್ಪಿಸಲಾಯಿತು. ಅದು ಸರಿಯೇ ಎಂದು ಚರ್ಚೆಗೆ ಬಿಡಿ, ನಿಮ್ಮ ತೀರ್ಪು ಹೇಳಬೇಡಿ. ಮಡಿಕೇರಿಯಲ್ಲಿ ಅವರು ಹುಟ್ಟಿ ಬೆಳೆದ ಮನೆ ಈಗ ವಸ್ತುಸಂಗ್ರಹಾಲಯ. ಶಾಲಾ ಪ್ರವಾಸದ ಪಟ್ಟಿಗೆ ರಾಜಾಸೀಟಿನ ಜೊತೆ ಅದನ್ನೂ ಸೇರಿಸಬಹುದು.

ಇಷ್ಟಾದ ಮೇಲೆ ಬೋರ್ಡಿನ ಚೌಕಕ್ಕೆ ಮರಳುತ್ತೇವೆ. ಅಲಿಪ್ತ ನೀತಿ ಎಂದರೆ ಎರಡು ಬಣಗಳಿಂದ ದೂರ ನಿಲ್ಲುವುದು ಎಂದು ಬರೆದರೆ ಅಂಕ ಬರುತ್ತದೆ. ಆದರೆ ತುಮಕೂರು ರಸ್ತೆಯ ಆಸುಪಾಸು ಬೇರೆ ಕಥೆ ಹೇಳುತ್ತದೆ. ನಾವು ಎರಡೂ ಅಂಗಡಿಗೆ ಹೋಗಿ ಚೌಕಾಸಿ ಮಾಡಿದೆವು, ಮೂರನೆಯ ಅಂಗಡಿ ಸಿಕ್ಕರೆ ಅಲ್ಲಿಗೂ ಹೋದೆವು. ಜಾಲಹಳ್ಳಿಯಲ್ಲಿ 1953ರಲ್ಲಿ ಶುರುವಾದ ಎಚ್‌ಎಂಟಿ ಕೈಹಿಡಿದದ್ದು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯನ್ನು. ಎರಡನೇ ಮಹಾಯುದ್ಧದಲ್ಲಿ ಅದೇ ಓರ್ಲಿಕಾನ್ ಮಾದರಿಯ ತೋಪುಗಳು ಎರಡೂ ಪಕ್ಷಗಳ ಕೈಯಲ್ಲಿದ್ದವು ಎಂದರೆ ಮಕ್ಕಳು ಹುಬ್ಬೇರಿಸುತ್ತಾರೆ. 1954ರ ಬಿಇಎಲ್‌ಗೆ ಫ್ರಾನ್ಸ್. ಎಚ್‌ಎಂಟಿ ಕೈಗಡಿಯಾರಕ್ಕೆ, 1961ರಲ್ಲಿ, ಜಪಾನಿನ ಸಿಟಿಜನ್.

ಈ ಚೌಕಾಸಿಗೆ ಬೆಲೆಯೂ ಇತ್ತು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದೆ ನಿಂತಿರುವ ಮಾರುತ್ ವಿಮಾನವನ್ನು ತೋರಿಸಿ. ಅದನ್ನು ವಿನ್ಯಾಸ ಮಾಡಿದವನು ಕುರ್ಟ್ ಟ್ಯಾಂಕ್. ಹಿಟ್ಲರನ ವಾಯುಪಡೆಗೆ ಫೋಕೆ-ವುಲ್ಫ್ 190 ಮಾಡಿಕೊಟ್ಟವನು. ಯುದ್ಧ ಸೋತ ಮೇಲೆ ಅರ್ಜೆಂಟೀನಾಕ್ಕೆ ಹೋಗಿ, 1956ರಲ್ಲಿ ಬೆಂಗಳೂರಿಗೆ ಬಂದ. 1961ರ ಜೂನ್ 17ರಂದು ಸುರಂಜನ್ ದಾಸ್ ಮಾರುತನ್ನು ಮೊದಲ ಬಾರಿ ಹಾರಿಸಿದರು. ಎಚ್‌ಎಎಲ್ ಕಡೆಯ ಸುರಂಜನ್ ದಾಸ್ ರಸ್ತೆ ಅವರ ಹೆಸರಿನದು. ಮೈಕಟ್ಟು ಶಬ್ದದ ವೇಗವನ್ನು ಮೀರಿ ಹಾರಲೆಂದೇ ಇತ್ತು. ಎಂಜಿನ್ ಮಾತ್ರ ಸಿಗಲಿಲ್ಲ. ಬ್ರಿಟನ್ನಿನ ಆರ್ಫಿಯಸ್ಸಿಗೆ ಆ ಕಸುವಿರಲಿಲ್ಲ, ಈಜಿಪ್ಟಿನ ಎಂಜಿನ್ನನ್ನು ಕೂರಿಸಿ ನೋಡಿದ್ದೂ ಆಯಿತು, ಕೈಗೂಡಲಿಲ್ಲ. ಅಷ್ಟರಲ್ಲಿ ಸೋವಿಯತ್ ಮಿಗ್-21 ಬಂದಾಗಿತ್ತು. ಯಾರ ಮನೆಯ ಮಗನೂ ಆಗಲೊಲ್ಲದವನಿಗೆ ಎಂಜಿನ್ ಕೊಡುವವರಾರು? ಇದೇ ಕಥೆ 1993ರಲ್ಲಿ ಮರುಕಳಿಸಿತು: ಅಮೆರಿಕದ ಒತ್ತಡಕ್ಕೆ ಮಣಿದ ರಷ್ಯಾ ಇಸ್ರೋಗೆ ಕ್ರಯೋಜೆನಿಕ್ ಎಂಜಿನ್ ಕೊಟ್ಟಿತು, ಅದರ ವಿದ್ಯೆ ಕೊಡಲಿಲ್ಲ.

ಮನೆಗೆಲಸಕ್ಕೆ ಪುಸ್ತಕ ಬೇಡ, ಅಜ್ಜ ಅಜ್ಜಿ ಸಾಕು. "ನೀವು ಸ್ಕೂಲಲ್ಲಿ ಏನು ತಿಂತಿದ್ರಿ?" ಎಂದು ಕೇಳಿ ಬರೆದುಕೊಂಡು ಬರಲಿ. ಅರವತ್ತು ದಾಟಿದವರಲ್ಲಿ ಅನೇಕರು ಅಮೆರಿಕದ ಗೋಧಿಯ ಉಪ್ಪಿಟ್ಟು, ಹಾಲಿನ ಪುಡಿಯ ಡಬ್ಬ ನೆನೆಯುತ್ತಾರೆ. ಆ ಗೋಧಿಯನ್ನು ಕಳಿಸಿದ ಪಿಎಲ್-480 ಎಂಬ ಒಣ ಹೆಸರಿನ ಕಾನೂನು ಹೀಗೆ ಸಾಸಿವೆ ಕರಿಬೇವಿನ ವಾಸನೆ ಹೊತ್ತು ತರಗತಿಗೆ ಬರುತ್ತದೆ. "ಪುಸ್ತಕಕ್ಕೆ ಬೈಂಡು ಯಾವುದರಲ್ಲಿ ಹಾಕ್ತಿದ್ರಿ?" ಎಂದು ಕೇಳಿದರೆ ಸೋವಿಯತ್ ಪತ್ರಿಕೆಯ ನುಣುಪು ಹಾಳೆಗಳು ನೆನಪಾಗುತ್ತವೆ. ಹೊಟ್ಟೆಗೆ ಒಂದು ಬಣ, ಬೈಂಡಿಗೆ ಇನ್ನೊಂದು.

ಪರೀಕ್ಷೆಯ ಚಿಂತೆ ಇರುವ ತಾಯಂದಿರಿಗೆ ಒಂದು ಮಾತು: ಹಗ್ಗ, ಕೈವಾರ, ಕುರ್ಚಿ ಎಲ್ಲ ಸೇರಿ ನಾಲ್ಕು ಪಿರಿಯಡ್ಡಿಗಿಂತ ಹೆಚ್ಚು ತಿನ್ನುವುದಿಲ್ಲ. ಇಸವಿಗಳನ್ನು ಕೊನೆಯ ವಾರ ಉರುಹೊಡೆಸಿದರಾಯಿತು. ನೇತುಹಾಕಲು ಗೂಟ ಸಿಕ್ಕಮೇಲೆ ಅವು ಬೀಳುವುದಿಲ್ಲ.

2025ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ ಅಮೆರಿಕದ ಎಫ್-35, ರಷ್ಯಾದ ಸು-57 ಎರಡೂ ಬಂದಿದ್ದವು. ಎರಡರ ಫೋಟೋವನ್ನೂ ಗೋಡೆಗೆ ಅಂಟಿಸಿ, ಕೊನೆಯ ದಿನ ತರಗತಿಯನ್ನು ಎರಡು ಗುಂಪು ಮಾಡಿ ಕೇಳುತ್ತೇನೆ: ಯಾವುದನ್ನು ಕೊಳ್ಳುತ್ತೀರಿ? ಹತ್ತು ನಿಮಿಷ ವೇಗ, ರೇಡಾರು, ಬೆಲೆ ಎಂದು ಕೂಗಾಟ. ಆಮೇಲೆ ಯಾರಾದರೊಬ್ಬರು ಮೆಲ್ಲಗೆ ಕೈಯೆತ್ತುತ್ತಾರೆ. ಹೋದ ಸಲ ಎತ್ತಿದ್ದು ಮಂಜಿನ ಯುದ್ಧದ ಹುಡುಗ.

"ಸರ್, ಎಂಜಿನ್ ಯಾರು ಮಾಡ್ಕೊಡ್ತಾರೆ?"